ಅತ್ತೆಕಲ್ಲಿನ ಹೊಟ್ಟೆ

ಗೋಣಿಕೊಪ್ಪದ ಮೊಯ್ದು ಗಾಜಿನ ಮೇಲೆ
ಎರಡನ್ನೂ ತಂದಿಟ್ಟ. ಬೆಲೆ ಹೆಚ್ಚುಕಡಿಮೆ ಒಂದೇ:
ಒಂದು ಮಳೆಗಾಲದ ಟಿಪ್ಸು,
ಹೋದ ವರ್ಷ ಮಿಕ್ಕಿದ್ದೂ ಸೇರಿ.

ಒಂದು ಕಪ್ಪು. ಮೂತಿ ಮುಂದೆ ಚಾಚಿದ್ದು,
ಹಿಡಿದರೆ ಅಂಗೈ ತುಂಬುವುದು.
ಗುಂಡಿ ಒತ್ತಿದರೆ ಒಳಗೆ ಏನೋ ರೆಪ್ಪೆ ಬಡಿದು
ಚಕ್ ಅಂದಿತು. ಆ ಸದ್ದಿಗೇ ಸೋತೆ.

ಇನ್ನೊಂದು ಕಿತ್ತಳೆ, ಸೋಪಿನ ಡಬ್ಬಿಯಷ್ಟು.
"ಹದಿನೈದು ಮೀಟರ್ ನೀರಿನೊಳಗೆ ಹೋಗ್ತದೆ,
ಎರಡು ಮೀಟರ್ ಮೇಲಿಂದ ಬೀಳ್ತದೆ" ಎಂದ ಮೊಯ್ದು,
ಬೀಳುವುದೂ ಒಂದು ವಿದ್ಯೆ ಎಂಬಂತೆ.

ನಾನು ಬರಪೊಳೆಯಲ್ಲಿ ರಾಫ್ಟ್ ನಡೆಸುವವಳು.
ಒಂಬತ್ತು ಮಳೆಗಾಲದಿಂದ
ಎರಡು ಕೈಯೂ ಹುಟ್ಟಿಗೆ ಒತ್ತೆ.
ಹಿಂದೆ ಕೂತವಳಿಗೆ ಕಾಣುವುದು
ಎಂಟು ಹೆಲ್ಮೆಟ್, ಎಂಟು ಬೆನ್ನು.
ಕಿರುಚುವಾಗ ಜನರ ಮುಖ ಹೇಗಾಗುತ್ತದೆಂದು
ಇವತ್ತಿಗೂ ಸರಿಯಾಗಿ ಕಂಡವಳಲ್ಲ.

ಬೇಕಾಗಿದ್ದು ಆ ಮುಖಗಳೂ ಅಲ್ಲ.
ನೀರುನಾಯಿ.
ಎರಡನೇ ತಿರುವಿನ ಬಂಡೆಯ ಮೇಲೆ
ಬೆಳಗ್ಗೆ ಆರೂವರೆಗೆ ಮೂರು ಕೂತಿರುತ್ತವೆ,
ಮೀನನ್ನು ತಲೆಯಿಂದ ಶುರುಮಾಡಿ ಕರಕರ ಅಗಿಯುತ್ತ.
ಹಿಂದಿನ ಕಾಡೆಲ್ಲ ಕರಗಿ
ಮೀಸೆಯ ತುದಿಯ ಹನಿ ಮಾತ್ರ ಚೂಪಾಗಿ,
ಅಂಥದೊಂದು ಚಿತ್ರಕ್ಕೆ ತಲೆಯೊಳಗೇ
ಕಟ್ಟು ಹಾಕಿಸಿ ತೂಗುಬಿಟ್ಟಿದ್ದೆ.

"ಈ ಲೆನ್ಸಿಗೆ ಅಷ್ಟು ದೂರ ಎಟುಕೋದಿಲ್ಲ ಬೊಳ್ಳಮ್ಮ.
ಉದ್ದದ್ದು ಬೇರೆ ಬೇಕು."
ಅಂದರೆ ಇನ್ನೆರಡು ಮಳೆಗಾಲ.
"ಮತ್ತೆ ಈ ಕಿತ್ತಳೆಗೆ?"
"ಅದಕ್ಕೂ ಎಟುಕೋದಿಲ್ಲ.
ಎಟುಕ್ತದೆ ಅಂತ ಅದು ಹೇಳಿಕೊಳ್ಳೋದೂ ಇಲ್ಲ."

ಪೂವಣ್ಣ ಮಾವನ ಕ್ಯಾಮೆರಾ ನೆನಪಾಯಿತು.
ಅಕ್ಕಿ ಡಬ್ಬದಲ್ಲಿ ಹೂತಿಟ್ಟ, ಒಲೆಯ ಮೇಲಿನ ಅಟ್ಟದಲ್ಲಿಟ್ಟ,
ಪೆಟ್ಟಿಗೆಯೊಳಗೆ ಬಲ್ಬು ಉರಿಸಿ ಕಾವು ಕೊಟ್ಟ.
ಮೂರನೇ ಕಕ್ಕಡಕ್ಕೆ ಲೆನ್ಸಿನೊಳಗೆ
ಬೂಷ್ಟು ಕವಲೊಡೆಯಿತು.
ಆಮೇಲೆ ಅವನು ತೆಗೆದ ಪ್ರತಿ ಮದುಮಗಳ
ಗಲ್ಲದ ಮೇಲೂ ಒಂದು ಸಣ್ಣ ಜರಿಗಿಡ.

ಮೂರು ಸಲ ಅಂಗಡಿಗೆ ಹೋಗಿ ಮೂರು ಸಲ ಬರಿಗೈ.
ಅವ್ವ ಹೇಳಿದಳು: "ಹನಿ ಬಿದ್ದರೆ ಮಲಗುವಂಥದ್ದು
ಮನೆಗೆ ಒಂದು ಸಾಕು. ನಿನ್ನ ಗಂಡ ಇದ್ದಾನಲ್ಲ."
ಗಂಡ ಸೀನಿದ.

ಕಿತ್ತಳೆಯನ್ನೇ ತಂದೆ.
ಅಂಗಡಿಯ ಮೆಟ್ಟಿಲು ಇಳಿಯುವಾಗ ಹಿಂದಿನಿಂದ
ಚಕ್. ಇನ್ಯಾರೋ ಅದನ್ನು ಎತ್ತಿ ನೋಡುತ್ತಿದ್ದರು.
ತಿರುಗಲಿಲ್ಲ. ತಿರುಗಿದ್ದರೆ ಗೊತ್ತಿತ್ತು.

ಆ ವರ್ಷದ ಚಿತ್ರಗಳೆಲ್ಲ ಓರೆ.
ಗಾಜಿನ ಮೇಲೊಂದು ಹನಿ, ಅದರೊಳಗೆ ತಲೆಕೆಳಗಾದ ಹೊಳೆ.
ಅರ್ಧ ಹೆಲ್ಮೆಟ್. ನನ್ನದೇ ಹೆಬ್ಬೆರಳು.
ನೀರುನಾಯಿಯದೂ ಒಂದಿದೆ:
"ಈ ಮೂರು ಕಲ್ಲನ್ನು ಎಂತಕ್ಕೆ ತೆಗೆದದ್ದು?" ಅಂದ ಮಾವ.

ಅಕ್ಟೋಬರಿನಲ್ಲಿ ನೀರು ಇಳಿಯಿತು, ರಾಫ್ಟುಗಳು ಶೆಡ್ಡು ಸೇರಿದವು.
ಒಬ್ಬಳೇ ಹೋಗಿ ಅತ್ತೆಕಲ್ಲಿನ ಮಗ್ಗುಲಲ್ಲಿ ನಿಂತೆ.
ಹೆಸರಿಟ್ಟವಳು ನಾನೇ. ಯಾವ ಕಡೆಯಿಂದ ಬಂದರೂ
ದಾರಿಗೆ ಅಡ್ಡ ಕೂತಿರುತ್ತದಲ್ಲ, ಅದಕ್ಕೆ.
ಒಂಬತ್ತು ವರ್ಷ ಅದರ ಬೆನ್ನು ಮಾತ್ರ ನೋಡಿದ್ದೆ.

ಮೊಣಕೈವರೆಗೆ ನೀರಿಗಿಳಿಸಿ
ಕಾಣದ ಕಡೆಗೆ ಕ್ಯಾಮೆರಾ ತಿರುಗಿಸಿ ಒತ್ತಿದೆ.
ಸದ್ದು ಬರಲಿಲ್ಲ. ಬಂದಿದ್ದರೂ ಹೊಳೆಗೆ ಕೇಳಿರಬೇಕು.

ರಾತ್ರಿ ದೊಡ್ಡದು ಮಾಡಿ ನೋಡಿದರೆ
ಪಾಚಿಯ ನಡುವೆ ಕಲ್ಲಿನ ಹೊಟ್ಟೆ ತುಂಬ ಗೀರು.
ಹಳದಿ, ಕೆಂಪು, ಮತ್ತೆ ಹಳದಿ.
ತಳ್ಳಿ ತಪ್ಪಿಸಿಕೊಂಡ ಪ್ರತಿ ಹುಟ್ಟೂ
ಒಂದೊಂದು ಎಳೆ ಬಿಟ್ಟು ಹೋಗಿದೆ.
ಎಲ್ಲವೂ ಬಲಕ್ಕೆ ವಾಲಿವೆ.
ಎಡಕ್ಕೆ ವಾಲಿದ್ದು ಒಂದು ಕಟ್ಟು, ಆಳವಾಗಿ,
ಒಂದರ ಮೇಲೊಂದು.
ನಮ್ಮಲ್ಲಿ ಎಡಚಿ ನಾನೊಬ್ಬಳೇ.

ಸಂತೆಯ ದಿನ ಮೊಯ್ದುವಿಗೆ ತೋರಿಸಿದೆ.
ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದ,
ಏನೆಂದು ಕೇಳಲಿಲ್ಲ.
ಆ ಕಪ್ಪು ಹೋಯಿತಾ ಅಂದೆ.
"ಹೋಯಿತು. ಮಡಿಕೇರಿಯವರು ಯಾರೋ,
ಮಳೆ ಪೂರಾ ನಿಂತ ಮೇಲೆ ಬಂದರು."